ಬೆಂಚಿಗೆ ತೂತು ಕೊರೆಸುವ ಮೊದಲು ವೈಸ್ ಎಲ್ಲಿ ಬರುತ್ತೆ ನೋಡಿ

ಕೊಪ್ಪಳ, ಗಂಗಾವತಿ ಕಡೆ ಮರಗೆಲಸಕ್ಕೆ ಬೆಂಚ್ ಮಾಡಿಸಬೇಕು ಅಂತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಅಂಗಡಿ ಹೆಸರು ಹೇಳುವುದಿಲ್ಲ. ಬಾಗಿಲು, ಮಂಚ ಚೆಂದ ಮಾಡುತ್ತಾರೆ ಅಂತಲೇ ನಾನೂ ಅಲ್ಲಿಗೆ ಹೋಗಿದ್ದು. ಬೆಂಚ್ ಬೇರೆಯದೇ ವಿದ್ಯೆ. ನಮ್ಮ ಕಡೆ ಎಷ್ಟೋ ಬಡಿಗೇರರು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದೇ ಕೆಲಸ ಕಲಿತವರು. ತಿರುಪು ಬಿಗಿದು ಹಲಗೆಯನ್ನು ದವಡೆಯಲ್ಲಿ ಹಿಡಿಯುವ ವೈಸ್ ಅವರಿಗೆ ಬೆಂಚಿಗೆ ಕೊನೆಯಲ್ಲಿ ಸಿಕ್ಕಿಸುವ ಒಂದು ಸಾಮಾನು, ಅಷ್ಟೇ.

ನಾನು ಹೇಳಿದ್ದು ಎರಡು ವೈಸ್. ಎದುರಿಗೆ ಎಡತುದಿಯಲ್ಲಿ ಒಂದು, ಬಲಬದಿಯ ಕೊನೆಗೆ ಇನ್ನೊಂದು. ಬಲಗೈಯವರು ಹಲಗೆ ಹೆರೆಯುವ ರಂದಾ ಹೊಡೆಯುವುದು ಬಲದಿಂದ ಎಡಕ್ಕೆ ಅಲ್ವಾ? ದೂಡುವ ಒತ್ತು ಎಡಗಡೆಯ ಗೂಟದ ಮೇಲೆ, ಅಂದರೆ ಹಲಗೆ ಜಾರದಂತೆ ಬೆಂಚಿನ ತೂತಿಗೆ ಇಳಿಸುವ ತಡೆಯ ಮೇಲೆ ಬೀಳಬೇಕು, ವೈಸ್‌ನ ತಿರುಪಿನ ಮೇಲಲ್ಲ. ಇದೊಂದನ್ನು ಸರಿಯಾಗಿ ಮಾಡಿದ್ದರು.

ಉಳಿದದ್ದು ಹಾಳು. ಗೂಟದ ತೂತುಗಳನ್ನು ಮೊದಲೇ ಕೊರೆದು, ವೈಸ್ ಆಮೇಲೆ ಕೂರಿಸಿದ್ದಾರೆ. ತೂತಿನ ಸಾಲು ಮುಂದಿನ ಅಂಚಿನಿಂದ ಮೂರಿಂಚು ಒಳಗೆ. ಕೊನೆಯ ವೈಸ್ ಮಾತ್ರ ಬೆಂಚಿನ ಅಗಲಕ್ಕೆ ಸರಿಯಾಗಿ ನಡುವೆ! ನೋಡೋಕೆ ಚೆಂದ. ಹಲಗೆ ನಿಲ್ಲುವುದು ವೈಸ್ ದವಡೆಯ ಗೂಟ, ಬೆಂಚಿನ ಗೂಟ ಇವೆರಡರ ನಡುವೆ ಒತ್ತಿಕೊಂಡು. ಆದರೆ ವೈಸ್‌ನ ಗೂಟ ಒಂದು ಗೆರೆಯಲ್ಲಿ, ಬೆಂಚಿನ ಗೂಟ ಇನ್ನೊಂದು ಗೆರೆಯಲ್ಲಿ. ಸಾಗವಾನಿ ಹಲಗೆ ಇಟ್ಟು ವೈಸ್ ಬಿಗಿದೆ. ಹಲಗೆ ಓರೆಯಾಗಿ ತಿರುಗಿತು. ಇನ್ನೊಂದು ಸುತ್ತು ಬಿಗಿದರೆ ಟಪ್ ಅಂತ ಎಗರಿ ಕೆಳಗೆ ಬಿತ್ತು. ಕಾಲ ಮೇಲೆ ಬೀಳಲಿಲ್ಲ, ಪುಣ್ಯ.

ತೂತುಗಳ ನಡುವಿನ ಅಂತರ ಎಂಟಿಂಚು. ವೈಸ್ ತೆರೆಯುವುದು ಆರೇ ಇಂಚು. ಅಂದರೆ ಕೆಲವು ಅಳತೆಯ ಹಲಗೆಗೆ ಒಂದು ತೂತು ಹತ್ತಿರ, ಮುಂದಿನದು ದೂರ. ಹಿಡಿಯೋಕೆ ದಾರಿಯೇ ಇಲ್ಲ. ತೂತಿನ ಅಂತರ ಯಾವಾಗಲೂ ವೈಸ್ ಬಾಯಿಗಿಂತ ಕಡಿಮೆ ಇರಬೇಕು. ನಾಲ್ಕಿಂಚು ಇಟ್ಟಿದ್ದರೆ ಸಾಕಿತ್ತು.

ಬೆಂಚಿನ ಕೆಳಗೆ ಬಗ್ಗಿ ನೋಡಿದವರೇ ಇಲ್ಲ ಅನ್ನಿಸುತ್ತೆ. ಒಂದು ತೂತು ಕಾಲಿನ ಮೇಲೆಯೇ ಬಂದಿದೆ. ಅರ್ಧಕ್ಕೆ ನಿಂತ ಆ ತೂತಿನಲ್ಲಿ ಮರದ ಪುಡಿ ತುಂಬಿಕೊಳ್ಳುತ್ತದೆ, ಗೂಟ ಪೂರ್ತಿ ಇಳಿಯುವುದಿಲ್ಲ. ಕೊನೆಯ ತೂತಿನ ಕೆಳಗೆ ವೈಸ್‌ನ ರಾಡ್. ಗೂಟ ಹಾಕಿದರೆ ಅದರ ಮೇಲೆ ಠಣ್ ಅಂತ ಕೂರುತ್ತದೆ.

ಎದುರು ವೈಸ್‌ನ ಒಳದವಡೆ ಬೆಂಚಿನ ಅಂಚಿಗೆ ಸಮ ಇರಬೇಕಿತ್ತು. ಆಗ ಉದ್ದದ ಹಲಗೆ ಅಂಚಿಗೆ ಒರಗಿ ನಿಲ್ಲುತ್ತದೆ. ಇಲ್ಲಿ ಅದು ಒಂದಿಂಚು ಹೊರಗೆ ಬಂದಿದೆ. ಸಾಲದ್ದಕ್ಕೆ ಕಬ್ಬಿಣದ ದವಡೆ ಬೆಂಚಿನ ಮೇಲ್ಹಲಗೆಯ ಮಟ್ಟಕ್ಕಿಂತ ಒಂದು ಕಡ್ಡಿಯಷ್ಟು ಮೇಲೆ. ರಂದಾದ ಬ್ಲೇಡ್ ಅದಕ್ಕೆ ತಾಗಿ ಮೂಲೆ ಮುರಿಯಿತು. ದವಡೆ ಸ್ವಲ್ಪ ಕೆಳಗಿರಲಿ, ಒಳಗೆ ಮರದ ಪಟ್ಟಿಯೂ ಇರಲಿ ಅಂತ ಹೇಳಿ ಮಾಡಿಸಿ.

ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: "ತೂತು ಬೇಕಂದ್ರಿ, ಹಾಕೀವಿ. ಇನ್ನೇನ್ರೀ ನಿಮ್ದು?"

ತೂತಿನ ಅಳತೆಯೂ ನೋಡಿಕೊಳ್ಳಿ. ಗೂಟ 19 ಮಿ.ಮೀ. ನದ್ದೂ ಸಿಗುತ್ತದೆ, 20 ರದ್ದೂ ಸಿಗುತ್ತದೆ. ದೊಡ್ಡದು ಚಿಕ್ಕ ತೂತಿಗೆ ಇಳಿಯುವುದಿಲ್ಲ, ಚಿಕ್ಕದು ದೊಡ್ಡದರಲ್ಲಿ ಅಲ್ಲಾಡುತ್ತದೆ. ಮೊದಲು ಗೂಟ ಕೊಂಡು ಅದನ್ನೇ ಅಂಗಡಿಯವರ ಕೈಗೆ ಕೊಡಿ. ಮರ ಒಣಗಿರಲೇಬೇಕು. ನಮ್ಮ ಬೇಸಿಗೆ ಗೊತ್ತಲ್ಲ, ಹಸಿ ಹಲಗೆ ಅಗಲಕ್ಕೆ ಜಾಸ್ತಿ, ಉದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕುಗ್ಗುತ್ತದೆ. ಹಾಗಾಗಿ ದುಂಡು ತೂತು ಮೊಟ್ಟೆಯಾಕಾರಕ್ಕೆ ಬಂದು ಗೂಟ ಕಚ್ಚಿಕೊಳ್ಳುತ್ತದೆ.

ನಮ್ಮ ಓಣಿಯ ಬಡಿಗೇರ ಕಾಕಾ ಬೆಂಚ್ ನೋಡಿ, "ಹಳೇ ತೂತು ಮುಚ್ಚೂಣು, ಮೊದ್ಲು ವೈಸ್ ಸರಿಸೂಣು, ಅದರ ಗೂಟದ ನೇರಕ್ಕ ಗೆರಿ ಎಳದು ಕೊರಿಯೂಣು" ಅಂದರು. ಹಾಗೇ ಮಾಡುತ್ತಿದ್ದೇವೆ. ಅವರ ಕೂಲಿ ಬೇರೆ, ಹೊಸ ಬ್ಲೇಡ್ ಬೇರೆ. ಅಂಗಡಿಯವರು ಒಂದು ಪೈಸೆಯೂ ವಾಪಸ್ ಕೊಡಲಿಲ್ಲ, ಯಾಕೆಂದರೆ ಬಾಕಿ ಹಣ ಪೂರ್ತಿ ಕೈ ಸೇರಿದ ಮೇಲೆಯೇ ಬೆಂಚನ್ನು ಮನೆಗೆ ಇಳಿಸಿದ್ದರು. ಹೋಗುವಾಗ ಒಂದು ಹಲಗೆ ಜೊತೆಗಿರಲಿ. ನಿಮ್ಮ ಎದುರೇ ಅದನ್ನು ಗೂಟಕ್ಕೆ ಕೊಟ್ಟು ಬಿಗಿದು ತೋರಿಸಲಿ, ಆಮೇಲೆ ಬಾಕಿ ಕೊಡಿ.