ಬಿಡಿಬಿಡಿಯಾಗಿ ಬಂದ ಬಾರ್ಜ್: ಸಿಹಿನೀರಿನ ಸರೋವರದಲ್ಲಿ ಎಂಟು ವರ್ಷ ಬಳಸಿದ ಮೇಲೆ

ಸಮುದ್ರದಿಂದ ಜಲಮಾರ್ಗವೇ ಇಲ್ಲದ ದೂರದ ಸರೋವರದಲ್ಲಿ ಸರಕು ಸಾಗಣೆಯ ಕಂಪನಿ ನಡೆಸುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ, ಹಡಗನ್ನು ಅಲ್ಲಿಯವರೆಗೆ ತರುವುದು ಹೇಗೆ ಎಂಬುದು. ನಾವು ಲಾರಿಯಲ್ಲಿ ಸಾಗಿಸಬಹುದಾದ, ಒಂದಕ್ಕೊಂದು ಪಿನ್ನಿನಿಂದ ಜೋಡಿಸುವ ಉಕ್ಕಿನ ತೇಲುಪೆಟ್ಟಿಗೆಗಳ, ಅಂದರೆ ಪಾಂಟೂನ್‌ಗಳ ಬಾರ್ಜನ್ನು (ಸರಕು ಹೊರುವ ಚಪ್ಪಟೆ ತಳದ ದೋಣಿ) ಕೊಂಡು ಎಂಟು ವರ್ಷಗಳಾದವು. ಸಿಮೆಂಟು, ಧಾನ್ಯ, ಡೀಸೆಲ್ ಪೀಪಾಯಿಗಳನ್ನು ಹೊತ್ತ ಈ ಬಾರ್ಜನ್ನು ಒಂದು ಟಗ್ ದೋಣಿ ತಳ್ಳಿಕೊಂಡು ಹೋಗುತ್ತದೆ.

ಈ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 'ಯಾವರಿ' ಹಡಗು ಬಿಡಿಭಾಗಗಳಾಗಿ ಹೇಸರಗತ್ತೆಗಳ ಬೆನ್ನೇರಿ ಆಂಡಿಸ್ ಪರ್ವತಗಳನ್ನು ಹತ್ತಿ, 3,800 ಮೀಟರಿಗೂ ಎತ್ತರದಲ್ಲಿರುವ ಟಿಟಿಕಾಕಾ ಸರೋವರದಲ್ಲಿ 1870ರಲ್ಲಿ ನೀರಿಗಿಳಿಯಿತು. ಟಾಂಗಾನಿಕಾ ಸರೋವರದ 'ಲೀಂಬಾ' ಕೂಡ 1913ರಲ್ಲಿ ಜರ್ಮನಿಯಲ್ಲಿ ತಯಾರಾಗಿ, ಪೆಟ್ಟಿಗೆಗಳಲ್ಲಿ ಆಫ್ರಿಕಾಕ್ಕೆ ಬಂದು ಕಿಗೋಮಾದಲ್ಲಿ ಜೋಡಣೆಯಾದ ಹಡಗು. 1916ರಲ್ಲಿ ಜರ್ಮನರು ಅದರ ಎಂಜಿನ್‌ಗಳಿಗೆ ದಪ್ಪಗೆ ಗ್ರೀಸ್ ಬಳಿದು ತಾವೇ ಮುಳುಗಿಸಿದ್ದರು. 1924ರಲ್ಲಿ ಮೇಲೆತ್ತಿದ ಬಳಿಕ 1927ರಿಂದ ಅದು ಮತ್ತೆ ಓಡಿತು. ಸಿಹಿನೀರು ಉಕ್ಕಿನ ವಿಷಯದಲ್ಲಿ ಎಷ್ಟು ದಯಾಪರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಆದರೆ ಆ ದಯೆಯನ್ನು ನಂಬಿ ಕೈಕಟ್ಟಿ ಕೂರುವಂತಿಲ್ಲ. ನಮಗೆ ಬಂದ ಕೈಪಿಡಿ ಪೂರ್ತಿ ಸಮುದ್ರಕ್ಕೆಂದೇ ಬರೆದದ್ದಾಗಿತ್ತು. ಒಂದು ಘನ ಮೀಟರ್ ಕಡಲ ನೀರು ಸುಮಾರು 1,025 ಕಿಲೋ ತೂಗಿದರೆ ಸಿಹಿನೀರು ಸುಮಾರು 1,000 ಕಿಲೋ ತೂಗುತ್ತದೆ. ಆದ್ದರಿಂದ ಅದೇ ಭಾರ ಹೊತ್ತು ಸಮುದ್ರದಲ್ಲಿ 1.20 ಮೀಟರ್ ಮುಳುಗುವ ಪೆಟ್ಟಿಗೆಯಾಕಾರದ ಪಾಂಟೂನ್ ಇಲ್ಲಿ 1.23 ಮೀಟರ್ ಮುಳುಗುತ್ತದೆ. ಮೂರು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಬಂಡೆಗೆ ತಳ ಉಜ್ಜಿದ ಸದ್ದು ಕೇಳಿದ ಮೇಲೆ ಮುಳುಗುವ ಆಳ ತೋರಿಸುವ ಹೊಸ ಗುರುತುಗಳನ್ನು ನಾವೇ ಅಳೆದು ಬಣ್ಣದಲ್ಲಿ ಬರೆದೆವು.

ನಿಜವಾದ ಅಸಮಾಧಾನ ಇರುವುದು ಆನೋಡ್‌ಗಳ ಬಗ್ಗೆ. ತುಕ್ಕನ್ನು ತಮ್ಮ ಮೇಲೆಳೆದುಕೊಂಡು ಉಕ್ಕನ್ನು ಉಳಿಸುವುದಕ್ಕಾಗಿಯೇ ತಳಕ್ಕೆ ಹಚ್ಚುವ ಲೋಹದ ಗಟ್ಟಿಗಳಿವು. ಮೂರನೆಯ ವರ್ಷ ಒಂದು ಪಾಂಟೂನನ್ನು ದಡಕ್ಕೆ ಎಳೆದು ನೋಡಿದಾಗ, ಸತುವಿನ ಗಟ್ಟಿಗಳ ಅಂಚು ಕೂಡ ಸವೆಯದೆ ಬೂದು ಪೊರೆ ಹೊದ್ದು ಕುಳಿತಿದ್ದವು. ಗೇಣು ದೂರದಲ್ಲಿ, ವೆಲ್ಡಿಂಗ್ ಗೆರೆಯುದ್ದಕ್ಕೂ, ಬೆಂಕಿಕಡ್ಡಿಯ ತಲೆ ಕೂರುವಷ್ಟು ಆಳದ ಗುಳಿಗಳು ಬಿದ್ದಿದ್ದವು. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದ ಇಂಥ ನೀರಿಗೆ ಮೆಗ್ನೀಸಿಯಮ್ಮೇ ಬೇಕು. ಬಾರ್ಜ್ ಎಲ್ಲಿ ತೇಲುತ್ತದೆ ಎಂದು ತಯಾರಕರಿಗೆ ಬರಹದಲ್ಲೇ ತಿಳಿಸಿದ್ದೆವು. ಹಾಗಿದ್ದೂ ಸಮುದ್ರದ ಸಾಮಾನನ್ನೇ ಕಳುಹಿಸಿದ್ದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ. ಈಗ ಹಾಕಿರುವ ಮೆಗ್ನೀಸಿಯಮ್ ಗಟ್ಟಿಗಳು ನೋಡನೋಡುತ್ತಲೇ ಸವೆಯುತ್ತಿವೆ, ಗುಳಿಗಳು ಮಾತ್ರ ಬೆಳೆದಿಲ್ಲ.

ಸರೋವರದ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದರಂತೆ ಬರುವುದರಿಂದ ಪಾಂಟೂನ್‌ಗಳ ಕೀಲುಗಳಿಗೆ ಬಿಡುವೇ ಸಿಗುವುದಿಲ್ಲ. ಪಿನ್ನಿನ ರಂಧ್ರ ಸವೆಯತೊಡಗಿದರೆ ಡೆಕ್ಕಿನ ಮೇಲೆ ನಿಂತವರ ಅಂಗಾಲಿಗೆ ಮೊದಲು ಟಕ್ ಟಕ್ ಎಂದು ತಿಳಿಯುತ್ತದೆ, ಕಿವಿಗೆ ಆಮೇಲೆ. ಗಾಳಿ ಎದ್ದ ದಿನ ನಾವು ಬಾರ್ಜನ್ನು ಬಿಡುವುದಿಲ್ಲ, ಸರಕಿನವರು ಎಷ್ಟೇ ಒತ್ತಾಯಿಸಲಿ.

ಇಷ್ಟರ ನಡುವೆಯೂ ಈ ಬಾರ್ಜನ್ನು ನಾನು ಮನಸಾರೆ ಮೆಚ್ಚುತ್ತೇನೆ. ನೀರು ಖಾಲಿ ಮಾಡಿ ಹಡಗನ್ನು ದುರಸ್ತಿ ಮಾಡುವ ಕಟ್ಟೆ, ಅಂದರೆ ಡ್ರೈ ಡಾಕ್, ಇಲ್ಲದ ಕಡೆ ಇಡೀ ಹಡಗು ರಿಪೇರಿಗೆ ನಿಂತರೆ ವ್ಯಾಪಾರವೇ ನಿಲ್ಲುತ್ತದೆ. ಇಲ್ಲಿ ಕೆಟ್ಟ ಪಾಂಟೂನೊಂದನ್ನು ಕಳಚಿ, ವಿಂಚಿನಿಂದ ದಡಕ್ಕೆಳೆದು, ಉಳಿದವನ್ನು ಜೋಡಿಸಿಕೊಂಡು ಕಡಿಮೆ ಸರಕಿನೊಂದಿಗೆ ಮರುದಿನವೇ ಹೊರಡಬಹುದು. ಇನ್ನೆರಡು ಪಾಂಟೂನ್‌ಗಳಿಗೆ ಈ ತಿಂಗಳು ಆರ್ಡರ್ ಕೊಟ್ಟಿದ್ದೇವೆ. ಮೆಗ್ನೀಸಿಯಮ್ ಆನೋಡ್, ಸಿಹಿನೀರಿನ ಡ್ರಾಫ್ಟ್ (ಮುಳುಗುವ ಆಳದ) ಪಟ್ಟಿ ಎರಡನ್ನೂ ಕರಾರಿನಲ್ಲಿ ಬರೆಸಿದ್ದೇವೆ. ಸವೆದ ಹಳೆಯ ಕೀಲುಗಳಿಗೆ ಮೂಲ ನಕ್ಷೆಯ ಅಳತೆ ಈಗ ಹೊಂದದಿರುವುದರಿಂದ, ಒಂದೊಂದು ರಂಧ್ರವನ್ನೂ ನಾವೇ ಅಳೆದು ಕಳುಹಿಸಿದ್ದೇವೆ.