ರೆಸಿನ್ ಚಾಸಿಯ ಲೈಟ್‌ಸೇಬರ್ ಮಾಡುವವರು ಇದನ್ನೊಮ್ಮೆ ಓದಿ

ನಾನೇ ಎರಕ ಹೊಯ್ದ ರೆಸಿನ್ (ಹೊಯ್ದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಚಾಸಿ, ಅಂದರೆ ಒಳಚೌಕಟ್ಟಿನಿಂದಾಗಿ, ಸ್ಟಾರ್ ವಾರ್ಸ್ ಚಿತ್ರಗಳ ಬೆಳಕಿನ ಕತ್ತಿಯನ್ನು ಹೋಲುವ ನನ್ನ ಲೈಟ್‌ಸೇಬರ್‌ನ ಹಿಡಿಯೊಳಗಿದ್ದ ಲಿಥಿಯಂ ಬ್ಯಾಟರಿ ಶಾರ್ಟ್ ಆಯಿತು. ಆ ಹೊತ್ತಿಗೆ ಅಲಗು ಉರಿಯುತ್ತಿರಲಿಲ್ಲ; ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಕಿಲ್ ಸ್ವಿಚ್ಚನ್ನೂ ಆಫ್ ಮಾಡಿದ್ದೆ. ಯಾರಿಗೂ ಗಾಯವಾಗಲಿಲ್ಲ ಎಂಬುದನ್ನು ಬಿಟ್ಟರೆ ಇದರಲ್ಲಿ ಸಮಾಧಾನಪಡುವಂಥದ್ದು ಏನೂ ಇಲ್ಲ.

1977ರಲ್ಲಿ ಬಂದ ಮೊದಲ ಸ್ಟಾರ್ ವಾರ್ಸ್ ಚಿತ್ರಕ್ಕಾಗಿ ನಾಯಕ ಲ್ಯೂಕ್‌ನ ಲೈಟ್‌ಸೇಬರ್ ಅನ್ನು ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೆಯ ಫ್ಲ್ಯಾಷ್ ಹಿಡಿಯಿಂದ ಮಾಡಿದ್ದರು. ಅದೇ ಆಕಾರದ ಅಲ್ಯೂಮಿನಿಯಂ ಕೊಳವೆಯೊಂದನ್ನು ತೆಗೆದುಕೊಂಡು ಅದರೊಳಗೆ ಸೌಂಡ್ ಬೋರ್ಡ್, ಸ್ಪೀಕರ್ ಮತ್ತು 18650 ಎಂಬ ಸಿಲಿಂಡರ್ ಆಕಾರದ ಲಿಥಿಯಂ ಬ್ಯಾಟರಿಯನ್ನು ಕೂರಿಸುವುದು ನನ್ನ ಯೋಜನೆಯಾಗಿತ್ತು. ಇವೆಲ್ಲವನ್ನೂ ಅಲುಗಾಡದಂತೆ ಹಿಡಿದಿಡುವ ಒಳಚೌಕಟ್ಟೇ ಚಾಸಿ. ನಾನು ಮೊದಲು ಮಾದರಿಯನ್ನು ಕೆತ್ತಿ, ಅದರಿಂದ ಸಿಲಿಕೋನ್ ಅಚ್ಚು ತೆಗೆದು, ಕಪ್ಪು ಬಣ್ಣ ಬೆರೆಸಿದ ಪಾಲಿಯುರೆಥೇನ್ ರೆಸಿನ್ ಹೊಯ್ದೆ. ಅಚ್ಚಿನಿಂದ ಹೊರಬಂದ ಚಾಸಿ ಎಷ್ಟು ಚೆನ್ನಾಗಿ ಕಂಡಿತೆಂದರೆ, ಅದನ್ನು ಪರೀಕ್ಷಿಸಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ.

ಮೂರು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಒಂದು ಸಂಜೆ ಗೆಳೆಯರ ಮುಂದೆ ಇಪ್ಪತ್ತು ನಿಮಿಷದಷ್ಟು ಹೊತ್ತು ಅಲಗನ್ನು ಬೆಳಗಿಸಿ ಆಡಿ, ಆಫ್ ಮಾಡಿ ಕಪಾಟಿನ ಮೇಲೆ ಇಟ್ಟೆ. ಅರ್ಧ ಗಂಟೆಯ ನಂತರ ಕುಕ್ಕರಿನಿಂದ ಹಬೆ ಸೋರುವಂಥ ಸದ್ದು ಕೇಳಿಸಿತು. ಸ್ಪೀಕರಿಗಾಗಿ ತುದಿಯ ಮುಚ್ಚಳದಲ್ಲಿ ಕೊರೆದ ರಂಧ್ರಗಳಿಂದ ಬಿಳಿ ಹೊಗೆ ಬರುತ್ತಿತ್ತು; ಅದರ ಜೊತೆಗೆ ನೇಲ್ ಪಾಲಿಶ್ ನೆನಪಿಸುವ ಸಿಹಿ ವಾಸನೆಯೂ ಇತ್ತು. ಮುಚ್ಚಳ ತಿರುಗಿಸಿ ತೆಗೆಯಲು ಹೋಗಿ ಬೆರಳು ಚುರ್ ಎಂದಾಗ ಕೈ ಬಿಟ್ಟೆ. ಈಗ ಯೋಚಿಸಿದರೆ ಹಾಗೆ ಬಿಟ್ಟದ್ದೇ ಒಳ್ಳೆಯದಾಯಿತು, ಏಕೆಂದರೆ ಒಳಗೆ ಅನಿಲ ಉಗುಳುತ್ತಿರುವ ಬ್ಯಾಟರಿಯಿದ್ದಾಗ ಲೋಹದ ಕೊಳವೆಯ ಬಾಯಿಗೆ ಮುಖವೊಡ್ಡಿ ನಿಲ್ಲುವುದು ಶುದ್ಧ ಮೂರ್ಖತನ. ದಪ್ಪ ಬಟ್ಟೆಯಲ್ಲಿ ಹಿಡಿದು ಅಂಗಳದ ಕಲ್ಲಿನ ಮೇಲೆ ಎಸೆದೆ. ಆ ರಂಧ್ರಗಳು ಇರದಿದ್ದರೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಮರುದಿನ ಕೊಳವೆಯನ್ನು ಕತ್ತರಿಸಿ ನೋಡಿದಾಗ ಒಂದಲ್ಲ, ಎರಡು ತಪ್ಪುಗಳು ಸಿಕ್ಕವು. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ರೆಸಿನ್ ತೆಳ್ಳಗೆ ಹೊರಬಂದು ಒಂದು ಏಣು ಉಳಿದಿರುತ್ತದೆ. ಹೊರಗಿನಿಂದ ಕಾಣುವ ಏಣನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿದ್ದ ನಾನು, ಬ್ಯಾಟರಿ ಕೂರುವ ತೊಟ್ಟಿಲಿನ ಅಂಚನ್ನು ಯಾರು ನೋಡುತ್ತಾರೆಂದು ಹಾಗೆಯೇ ಬಿಟ್ಟಿದ್ದೆ. ಚಾರ್ಜ್ ಮಾಡಲು ಹೊರತೆಗೆದು ಮತ್ತೆ ಹಾಕಿದಾಗಲೆಲ್ಲ ಆ ಏಣು ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆಯನ್ನು ಕೆರೆದು, ಕೊನೆಗೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಲೋಹ ಬಯಲಾಗಿತ್ತು. 18650ರ ಕೆಳತುದಿ ಮಾತ್ರವಲ್ಲ, ಅದರ ಇಡೀ ಹೊರಕವಚವೇ ಋಣ ಧ್ರುವ ಎಂಬುದನ್ನು ಹಲವರು ಮರೆಯುತ್ತಾರೆ. ಹಾಗಾಗಿ ನನ್ನ ಅಲ್ಯೂಮಿನಿಯಂ ಹಿಡಿ ಬಹುಶಃ ವಾರಗಟ್ಟಲೆ ಋಣ ಧ್ರುವಕ್ಕೆ ತಗುಲಿಕೊಂಡೇ ಇತ್ತು. ಅಷ್ಟರಿಂದಲೇ ಏನೂ ಆಗುವುದಿಲ್ಲವಾದ್ದರಿಂದ ನನಗೆ ಗೊತ್ತಾಗಲಿಲ್ಲ.

ಎರಡನೆಯದು ಇನ್ನೊಂದು ತುದಿಯಲ್ಲಿತ್ತು. ಧನ ಧ್ರುವ ತಾಗುವ ಹಿತ್ತಾಳೆಯ ಪಟ್ಟಿಯನ್ನು ನಾನು ರೆಸಿನ್ ಗೋಡೆಗೇ ಅಂಟಿಸಿದ್ದೆ, ಎದುರಿನ ಸ್ಪ್ರಿಂಗ್ ಬ್ಯಾಟರಿಯನ್ನು ಸದಾ ಅದರ ಮೇಲೆ ಒತ್ತುತ್ತಿತ್ತು. ಆ ಸಂಜೆ ಬಿಸಿಗೆ ಗೋಡೆ ಮೆತ್ತಗಾಗಿ ಹಿಂದಕ್ಕೆ ವಾಲಿ, ಪಟ್ಟಿಯ ಮೇಲಂಚು ಕೊಳವೆಗೆ ತಾಗಿದ್ದ ಜಾಗದಲ್ಲಿ ಕಪ್ಪು ಗುಳಿಯೊಂದು ಬಿದ್ದಿತ್ತು. ಧನ ಪಟ್ಟಿಯಿಂದ ಕೊಳವೆಗೆ, ಕೊಳವೆಯಿಂದ ಕೆರೆದುಹೋದ ಕವಚಕ್ಕೆ: ಈ ದಾರಿಯಲ್ಲಿ ಕಿಲ್ ಸ್ವಿಚ್ಚೂ ಬರುವುದಿಲ್ಲ, ಫ್ಯೂಸೂ ಬರುವುದಿಲ್ಲ. ರಕ್ಷಣಾ ಸರ್ಕ್ಯೂಟ್ ಇರುವ ಬ್ಯಾಟರಿ ಹಾಕಿದ್ದರೂ ಉಳಿಯುತ್ತಿರಲಿಲ್ಲ, ಏಕೆಂದರೆ ಆ ಸರ್ಕ್ಯೂಟ್ ಸಾಮಾನ್ಯವಾಗಿ ಕೆಳತುದಿಯಲ್ಲಿರುತ್ತದೆ, ಕವಚದ ಮೂಲಕ ಹರಿಯುವ ಕರೆಂಟು ಅದನ್ನು ಹಾದುಹೋಗುವುದೇ ಇಲ್ಲ.

ಗೋಡೆ ಏಕೆ ಮೆತ್ತಗಾಯಿತು? ನಾನು ಬಳಸಿದ ರೆಸಿನ್‌ನ ಎರಡು ದ್ರವಗಳನ್ನು ಗಾತ್ರದಲ್ಲಿ ಅಳೆದರೆ ಸಮಸಮ ಬೆರೆಸಬೇಕು, ತೂಗಿದರೆ ಮೊದಲನೆಯದರ 100 ಪಾಲಿಗೆ ಎರಡನೆಯದರ 90. ನಾನು ತಕ್ಕಡಿಯಲ್ಲಿಟ್ಟು ಸಮಸಮ ತೂಗಿದ್ದೆ. ಎರಡನೆಯ ದ್ರವ ಹೆಚ್ಚಾದರೂ ರೆಸಿನ್ ಗಟ್ಟಿಯಾಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಬಣ್ಣ ಬೆರೆಸಿದ್ದರಿಂದ ನೋಡಿ ತಿಳಿಯುವಂತೆಯೂ ಇರಲಿಲ್ಲ. ಸರಿಯಾಗಿ ಬೆರೆಸಿದ್ದರೂ ಇಂಥ ಹಲವು ರೆಸಿನ್‌ಗಳು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಒತ್ತಡಕ್ಕೆ ಬಾಗತೊಡಗುತ್ತವೆ. ನಿಯೋಪಿಕ್ಸೆಲ್ (ಪುಟ್ಟ ಎಲ್‌ಇಡಿ ದೀಪಗಳ ಪಟ್ಟಿ) ಅಲಗಿನ ಒಂದೊಂದು ದೀಪವೂ ಪೂರ್ಣ ಬಿಳಿ ಬೆಳಕಿನಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯಬಲ್ಲದು, ಅಂಥವು ಅಲಗಿನ ಉದ್ದಕ್ಕೂ ನೂರಾರು ಇರುತ್ತವೆ. ಮುಚ್ಚಿದ ಕೊಳವೆಯೊಳಗೆ ಬ್ಯಾಟರಿಯೂ ಬೆಸುಗೆಗಳೂ ಬಿಸಿಯಾಗದೆ ಏನು ಮಾಡಿಯಾವು?

ಈಗ ಬೋರ್ಡಿನ ಸುತ್ತಲಿನ ಅಲಂಕಾರದ ಭಾಗವನ್ನು ಮಾತ್ರ ರೆಸಿನ್‌ನಲ್ಲಿ ಮಾಡುತ್ತೇನೆ. ಬ್ಯಾಟರಿಯ ತೊಟ್ಟಿಲು ನೈಲಾನಿನದು, ಕೊಳವೆಯ ಒಳಮೈಗೆ ಬಿಸಿ ತಾಳುವ, ಕರೆಂಟು ಹರಿಯಗೊಡದ ಪಾಲಿಇಮೈಡ್ ಟೇಪು ಸುತ್ತಿದ್ದೇನೆ, ಆಟ ಮುಗಿದ ಕೂಡಲೇ ಬ್ಯಾಟರಿ ಹೊರಗೆ ಬರುತ್ತದೆ.

ಇಷ್ಟನ್ನು ಬರೆಯಲು ಬೇರೊಂದು ಕಾರಣವೂ ಇದೆ. ಅಂದು ಒಂದೇ ಬಾರಿ ಬೆರೆಸಿದ ರೆಸಿನ್‌ನಿಂದ ನಾನು ಮೂರು ಚಾಸಿಗಳನ್ನು ಹೊಯ್ದಿದ್ದೆ. ಎರಡನೆಯದನ್ನು ಪಡೆದ ಗೆಳೆಯನಿಗೆ ಫೋನ್ ಮಾಡಿದಾಗ ತನ್ನದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದ. ಬ್ಯಾಟರಿ ತೆಗೆದು ಗೋಡೆಯನ್ನು ಉಗುರಿನಿಂದ ಒತ್ತಿ ನೋಡು ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಗುರುತು ಬಿತ್ತು ಮಾರಾಯ" ಎಂದ. ಮೂರನೆಯದನ್ನು ಪಡೆದವರು ಅದನ್ನು ಲೈಟ್‌ಸೇಬರ್ ಸಮೇತ ಯಾರಿಗೋ ಮಾರಿದ್ದಾರೆ, ಕೊಂಡವರ ವಿಳಾಸ ಅವರಲ್ಲಿಲ್ಲ. ಅದು ಪೂರ್ತಿ ಕಪ್ಪು, ಬ್ಯಾಟರಿ ತೊಟ್ಟಿಲಿನ ಎರಡೂ ಅಂಚಿನಲ್ಲಿ ಉಜ್ಜದೆ ಬಿಟ್ಟ ಏಣಿದೆ, ಧನ ಧ್ರುವದ ಕಡೆ ಹಿತ್ತಾಳೆಯ ಪಟ್ಟಿಯನ್ನು ನೇರವಾಗಿ ರೆಸಿನ್‌ಗೆ ಅಂಟಿಸಲಾಗಿದೆ. ನಿಮ್ಮ ಕೈಯಲ್ಲಿರುವುದು ಹೀಗಿದ್ದರೆ ದಯವಿಟ್ಟು ಈಗಲೇ ಬ್ಯಾಟರಿಯನ್ನು ಹೊರತೆಗೆಯಿರಿ.