ಟೆಲಿ-ಮಾನಸ್ 14416: ಬಳಸಿದವರೊಬ್ಬರ ಅಭಿಪ್ರಾಯ

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಮ್ಮ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯೇ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬಸವನಗುಡಿಯಲ್ಲಿರುವ ನನ್ನ ಅತ್ತಿಗೆಯ ಸಲುವಾಗಿ ನಾನು ಈ ಸೇವೆಯನ್ನು ಬಳಸಿದೆ.

ಅತ್ತಿಗೆ ಕೈ ತೊಳೆಯಲು ನಿಂತರೆ ಚರ್ಮ ಬಿರಿದು ಉರಿಯುವವರೆಗೂ ನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಲು ರಾತ್ರಿ ಮತ್ತೆ ಮತ್ತೆ ಏಳುತ್ತಿದ್ದರು. ಮನೆಯ ಹಿರಿಯರು ಇದನ್ನು ಮಡಿಯೆಂದೇ ಭಾವಿಸಿದ್ದರು. ಕರೆ ಸ್ವೀಕರಿಸಿದ ಆಪ್ತಸಮಾಲೋಚಕಿ ಆತುರದಿಂದ ಕಾಯಿಲೆಗೆ ಹೆಸರಿಡಲಿಲ್ಲ. ದಿನದಲ್ಲಿ ಎಷ್ಟು ಹೊತ್ತು ಇದರಲ್ಲೇ ಕಳೆಯುತ್ತದೆ, ಇದು ಅನಗತ್ಯವೆಂದು ಅವರಿಗೇ ಅನಿಸಿದರೂ ನಿಲ್ಲಿಸಲಾಗುತ್ತಿಲ್ಲವೇ, ತಡೆದರೆ ಯಾವ ಭಯ ಕಾಡುತ್ತದೆ, ನಿದ್ದೆ ಊಟ ಹೇಗಿದೆ, ಬದುಕು ಬೇಡವೆಂಬ ಮಾತು ಬಂದಿದೆಯೇ ಎಂದು ಒಂದೊಂದಾಗಿ ಕೇಳಿದರು. ಮಡಿ ಮಾಡುವವರಿಗೆ ಕೆಲಸ ಮುಗಿದಾಗ ಸಮಾಧಾನ ಸಿಗುತ್ತದೆ, ಗೀಳು ಕಾಯಿಲೆಯಲ್ಲಿ (ಒಸಿಡಿ) ಆ ಸಮಾಧಾನ ಕ್ಷಣಕಾಲವಷ್ಟೇ ನಿಂತು ಅದೇ ಶಂಕೆ ಮರಳುತ್ತದೆ ಎಂದು ಅವರು ವಿವರಿಸಿದ್ದು ಇಡೀ ಸಂಭಾಷಣೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿತು.

ಅಣ್ಣ ಪ್ರತಿ ರಾತ್ರಿ ತಾನೇ ಎದ್ದು ಹೋಗಿ, "ನೋಡಿದೆ, ಆಫ್ ಆಗಿದೆ" ಎಂದು ಧೈರ್ಯ ಹೇಳುತ್ತಿದ್ದ. ಪ್ರೀತಿಯಿಂದ ಹೇಳುವ ಈ ಮಾತೂ ಗೀಳನ್ನು ಬಲಪಡಿಸುತ್ತದೆ, ಹಾಗೆಂದು ಗದರಿಸುವುದಾಗಲಿ ಒಮ್ಮೆಲೇ ಕೈಬಿಡುವುದಾಗಲಿ ಸರಿಯಲ್ಲ, ತಜ್ಞರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಕಡಿಮೆ ಮಾಡಬೇಕು ಎಂದು ಆಪ್ತಸಮಾಲೋಚಕಿ ತಿಳಿಸಿ, ಮನೋವೈದ್ಯರನ್ನು ಕಾಣುವಂತೆ ಸೂಚಿಸಿದರು. ಭಯ ಹುಟ್ಟಿಸುವ ಸನ್ನಿವೇಶವನ್ನು ಎದುರಿಸುತ್ತಲೇ ತೊಳೆಯದೆ, ಪರೀಕ್ಷಿಸದೆ ಇರುವುದನ್ನು ಕಲಿಸುವ ವರ್ತನಾ ಚಿಕಿತ್ಸೆ ಮತ್ತು ಔಷಧಿ ಇದಕ್ಕಿವೆ. ಔಷಧಿಯ ಪೂರ್ಣ ಪರಿಣಾಮ ಕಾಣಲು 10ರಿಂದ 12 ವಾರಗಳೇ ಬೇಕಾಗಬಹುದಾದ್ದರಿಂದ ನಡುವೆ ನಿಲ್ಲಿಸಬಾರದು.

ಉಳಿದ ಮಾನಸಿಕ ತೊಂದರೆಗಳೂ ಮೊದಲು ನಡವಳಿಕೆಯಲ್ಲೇ ತೋರುತ್ತವೆ. ಖಿನ್ನತೆಯುಳ್ಳವರು ದುಃಖವನ್ನು ಹೇಳದೆ ಮೈಕೈ ನೋವು, ಸಿಡುಕು, ನಿದ್ರಾಹೀನತೆಗಳನ್ನಷ್ಟೇ ತೋರಿಸಬಹುದು. ತೀವ್ರ ಆತಂಕದ ದಾಳಿಯಾದವರು ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಧಾವಿಸಿ, ಇಸಿಜಿ ಸರಿಯಿದ್ದರೂ ನಂಬದೆ ಮರಳುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಗಳಿದ್ದವು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಯಾರನ್ನು ಕಾಣಬೇಕೆಂದೇ ತಿಳಿಯದ ಮನೆಗಳಿಗೆ ಈ ಸಹಾಯವಾಣಿ ನಿಜವಾಗಿಯೂ ಆಸರೆ.

ಆದರೆ ಫೋನಿನಲ್ಲಿ ರೋಗನಿರ್ಣಯ ನಿರೀಕ್ಷಿಸಬಾರದು. ಮುಖಭಾವ, ನಡಿಗೆ, ಮೌನಗಳನ್ನು ವೈದ್ಯರು ಎದುರಿನಲ್ಲೇ ಕಾಣಬೇಕು. ಮನೆಯವರು ಕರೆ ಮಾಡುವ ಮೊದಲು ಕಂಡ ವರ್ತನೆಗಳನ್ನು ಬರೆದಿಟ್ಟುಕೊಂಡರೆ ಮಾತು ನೇರವಾಗಿ ಸಾಗುತ್ತದೆ. ಯಾರಾದರೂ ಪ್ರಾಣಕ್ಕೆ ಅಪಾಯ ಮಾಡಿಕೊಂಡಿದ್ದರೆ ಅವರನ್ನು ಒಂಟಿಯಾಗಿ ಬಿಡದೆ, ತಕ್ಷಣ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.